ಅಪ್‌ಡೇಟ್ ಮಾಡಿದರೂ ‘1.1.1ಎಫ್’ ಎಂದೇ ತೋರಿಸುತ್ತಿದೆ, ಏಕೆ?

ಪ್ರಶ್ನೆ: ನಮ್ಮದು ಸಣ್ಣ ಆನ್‌ಲೈನ್ ಮಾರಾಟದ ಕಂಪನಿ. ಸರ್ವರ್‌ನಲ್ಲಿ ಉಬುಂಟು 20.04 ಇದೆ. ಆಡಿಟ್‌ನವರು ‘ಓಪನ್‌ಎಸ್‌ಎಸ್‌ಎಲ್ 1.1.1ಎಫ್, ಸಿವಿಇ-2022-0778, ಹೈ’ ಎಂದು ವರದಿಯಲ್ಲಿ ಕೆಂಪು ಗುರುತು ಹಾಕಿದ್ದಾರೆ. ಅಪ್‌ಡೇಟ್ ಮಾಡಿದೆ, ಆದರೂ ವರ್ಷನ್ ಕೇಳಿದರೆ 1.1.1ಎಫ್ ಎಂದೇ ಬರುತ್ತದೆ. ಗ್ರಾಹಕರ ಮಾಹಿತಿ ಸೋರಿಹೋಗಿರಬಹುದೇ?

ಉತ್ತರ: ಓಪನ್‌ಎಸ್‌ಎಸ್‌ಎಲ್ ಎಂದರೆ ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಲೈಬ್ರರಿ; ಸಿವಿಇ-2022-0778 ಅದರಲ್ಲಿ ಸಿಕ್ಕ ಒಂದು ಭದ್ರತಾ ದೋಷದ ಗುರುತಿನ ಸಂಖ್ಯೆ. ಈ ದೋಷದಿಂದ ಮಾಹಿತಿ ಸೋರುವುದಿಲ್ಲ, ಆ ಭಯ ಬೇಡ. 2014ರಲ್ಲಿ ಇದೇ ಲೈಬ್ರರಿಯಲ್ಲಿ ಸಿಕ್ಕ ಹಾರ್ಟ್‌ಬ್ಲೀಡ್ ಎಂಬ ದೋಷದಲ್ಲಿ ಸರ್ವರ್‌ನ ಮೆಮೊರಿಯಲ್ಲಿದ್ದದ್ದೇ ಹೊರಗೆ ಹೋಗುತ್ತಿತ್ತು. ಇಲ್ಲಿ ಪ್ರೋಗ್ರಾಂ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡು ಮುಂದಕ್ಕೆ ಹೋಗುವುದೇ ಇಲ್ಲ. ಹಾಗೆಂದು ಇದು ಚಿಕ್ಕ ವಿಷಯವಲ್ಲ. ಹಬ್ಬದ ಮಾರಾಟದ ದಿನ ಆರ್ಡರ್ ತೆಗೆದುಕೊಳ್ಳಲಾಗದ ಅಂಗಡಿಗೆ ಆಗುವ ನಷ್ಟ ನಿಜವಾದ ನಷ್ಟವೇ.

ಆ ಲೆಕ್ಕ ವರ್ಗಮೂಲದ್ದು. 7ರಿಂದ ಭಾಗಿಸಿದಾಗ 2 ಶೇಷ ಉಳಿಯುವ ವರ್ಗ ಯಾವುದು ಎಂದರೆ 3ರ ವರ್ಗ, ಅಂದರೆ 9. ಇದನ್ನೇ ದೊಡ್ಡ ಸಂಖ್ಯೆಗಳಲ್ಲಿ ಮಾಡಲು ಓಪನ್‌ಎಸ್‌ಎಸ್‌ಎಲ್ ಟೊನೆಲ್ಲಿ-ಶ್ಯಾಂಕ್ಸ್ ವಿಧಾನ ಬಳಸುತ್ತದೆ. ಭಾಜಕ ಅವಿಭಾಜ್ಯ ಸಂಖ್ಯೆಯಾಗಿದ್ದರೆ ಮಾತ್ರ ಆ ವಿಧಾನ ಮುಗಿಯುತ್ತದೆ ಎಂಬ ಖಾತ್ರಿ. ಹಾಗಿಲ್ಲದಿದ್ದರೆ ಲೂಪ್ ಕೊನೆಯಿಲ್ಲದೆ ತಿರುಗಬಹುದು. ಅದನ್ನು ತಡೆಯಲು ಇದ್ದ ತಪಾಸಣೆ ಎಲ್ಲ ಸಂದರ್ಭಗಳನ್ನೂ ಹಿಡಿಯುತ್ತಿರಲಿಲ್ಲ.

ಭಾಜಕವನ್ನು ಕೊಡುವವರು ಯಾರು? ಸರ್ಟಿಫಿಕೇಟ್ (ಸಂಪರ್ಕದ ಆರಂಭದಲ್ಲಿ ತಾನು ಯಾರೆಂದು ತೋರಿಸುವ ಡಿಜಿಟಲ್ ಗುರುತುಪತ್ರ) ಕಳಿಸಿದವರೇ! ಕರ್ವ್ (ಗೂಢಲಿಪಿಗೆ ಬಳಸುವ ಗಣಿತದ ವಕ್ರರೇಖೆ) ಬಳಸುವ ಸಾಮಾನ್ಯ ಸರ್ಟಿಫಿಕೇಟಿನಲ್ಲಿ ‘ಪಿ-256’ ಎಂಬಂತೆ ಅದರ ಹೆಸರಷ್ಟೇ ಇರುತ್ತದೆ. ಆದರೆ ಕರ್ವ್‌ನ ಎಲ್ಲ ಸಂಖ್ಯೆಗಳನ್ನೂ ಬಿಡಿಬಿಡಿಯಾಗಿ ಬರೆದು ಕಳಿಸಲು ಅವಕಾಶವಿದೆ. ಅದರಲ್ಲಿ ಕರ್ವ್ ಮೇಲಿನ ಬಿಂದುವನ್ನು ಸಂಕ್ಷೇಪಿಸಿ ಎಕ್ಸ್ ಬೆಲೆಯನ್ನಷ್ಟೇ ಕೊಟ್ಟರೆ, ವೈ ಬೆಲೆ ಹುಡುಕಲು ವರ್ಗಮೂಲ ಬೇಕಾಗುತ್ತದೆ. ಇದೆಲ್ಲ ನಡೆಯುವುದು ಸರ್ಟಿಫಿಕೇಟಿನ ಸಹಿ ಪರೀಕ್ಷಿಸುವುದಕ್ಕೂ ಮುಂಚೆ. ಹಾಗಾಗಿ ದಾಳಿ ಮಾಡುವವನಿಗೆ ಸರ್ಟಿಫಿಕೇಟ್ ಕೊಡುವ ಯಾವ ಪ್ರಾಧಿಕಾರದ ಸಹಿಯೂ ಬೇಡ. ಗೂಗಲ್‌ನ ಟ್ಯಾವಿಸ್ ಒರ್ಮಾಂಡಿ ಇದನ್ನು ಪತ್ತೆಹಚ್ಚಿದರು. 2022ರ ಮಾರ್ಚ್ 15ರಂದು 1.1.1ಎನ್ ಮತ್ತು 3.0.2 ಆವೃತ್ತಿಗಳಲ್ಲಿ ಪರಿಹಾರ ಬಂತು.

ನಿಮ್ಮ ವೆಬ್ ಸರ್ವರ್ ಬಂದವರಿಂದ ಕ್ಲೈಂಟ್ ಸರ್ಟಿಫಿಕೇಟ್ ಕೇಳದಿದ್ದರೆ ಆ ಬಾಗಿಲಿಂದ ಅಪಾಯ ಕಡಿಮೆ. ಆದರೆ ಅದೇ ಸರ್ವರ್ ಇಮೇಲ್ ಕಳಿಸುವಾಗ, ಗ್ರಾಹಕರು ಕೊಟ್ಟ ವಿಳಾಸದಿಂದ ಚಿತ್ರ ಎಳೆದುಕೊಳ್ಳುವಾಗ ತಾನೇ ಕ್ಲೈಂಟ್ (ಸಂಪರ್ಕ ಕೇಳುವ ಕಡೆ) ಆಗುತ್ತದೆ, ಎದುರಿನವರ ಸರ್ಟಿಫಿಕೇಟ್ ಓದುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಸಿಕ್ಕಿಕೊಂಡರೆ ‘ಟಾಪ್’ ಕಮಾಂಡಿನಲ್ಲಿ ಒಂದು ಪ್ರೊಸೆಸ್ 100% ಸಿಪಿಯು ಹಿಡಿದು ಕೂತಿರುವುದು ಕಾಣುತ್ತದೆ. ಅದನ್ನು ಕಿಲ್ ಮಾಡುವವರೆಗೂ ಬಿಡುವುದಿಲ್ಲ.

ಇನ್ನು ವರ್ಷನ್ ವಿಚಾರ. ಉಬುಂಟು, ಡೆಬಿಯನ್‌ಗಳು ಸಾಮಾನ್ಯವಾಗಿ ಹೊಸ ಆವೃತ್ತಿಗೆ ಹಾರುವುದಿಲ್ಲ. ಹಳೆಯದರೊಳಗೇ ಪರಿಹಾರವನ್ನು ತಂದು ಸೇರಿಸುತ್ತವೆ. ಆದ್ದರಿಂದ ‘1.1.1ಎಫ್’ ಹಾಗೇ ಉಳಿಯುತ್ತದೆ. ನೋಡಬೇಕಾದದ್ದು ಪ್ಯಾಕೇಜಿನ ಪೂರ್ತಿ ಸಂಖ್ಯೆಯನ್ನು: 20.04ರಲ್ಲಿ ಅದು ‘1.1.1ಎಫ್-1ಉಬುಂಟು2.12’ ಅಥವಾ ಅದಕ್ಕಿಂತ ಮುಂದಿನದಾಗಿರಬೇಕು. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಈ ಸಿವಿಇ ಸಂಖ್ಯೆ ಹುಡುಕಿ, ಆ ಸಾಲನ್ನೇ ಆಡಿಟ್‌ನವರಿಗೆ ಕಳಿಸಿ. ಬರೀ ವರ್ಷನ್ ಅಕ್ಷರ ನೋಡಿ ಕೆಂಪು ಹಾಕುವ ಸ್ಕ್ಯಾನರ್ ವರದಿಯನ್ನು ಕಣ್ಮುಚ್ಚಿ ಒಪ್ಪಬೇಕಿಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಬೇರೆ ಕಡೆ. ಅಪ್‌ಡೇಟ್ ಆದ ಮೇಲೆ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿದಿರಾ? ಡಿಸ್ಕ್‌ನಲ್ಲಿ ಹೊಸ ಲೈಬ್ರರಿ ಬಂದಿದ್ದರೂ, ಮೊದಲೇ ಓಡುತ್ತಿದ್ದ ಪ್ರೊಸೆಸ್ ಹಳೆಯದನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ‘ಎಲ್‌ಎಸ್‌ಒಎಫ್’ (ತೆರೆದಿರುವ ಫೈಲ್‌ಗಳನ್ನು ತೋರಿಸುವ ಕಮಾಂಡ್) ಓಡಿಸಿದಾಗ ಓಪನ್‌ಎಸ್‌ಎಸ್‌ಎಲ್‌ನ ಫೈಲ್‌ಗಳಾದ ಲಿಬ್‌ಎಸ್‌ಎಸ್‌ಎಲ್ ಅಥವಾ ಲಿಬ್‌ಕ್ರಿಪ್ಟೊ ಸಾಲಿನಲ್ಲಿ ‘ಡಿಇಎಲ್’ ಎಂದು ಕಂಡರೆ ಆ ಸರ್ವಿಸ್ ಇನ್ನೂ ದೋಷವಿರುವ ಲೈಬ್ರರಿಯಲ್ಲೇ ನಡೆಯುತ್ತಿದೆ ಎಂದರ್ಥ. ಯಾವುದು ಉಳಿಯಿತು ಎಂಬ ಅನುಮಾನ ಇದ್ದರೆ ರಾತ್ರಿ ಒಮ್ಮೆ ಇಡೀ ಸರ್ವರ್ ರೀಬೂಟ್ ಮಾಡಿ.

ನೋಡ್.ಜೆಎಸ್ ಬಳಸುತ್ತಿದ್ದರೆ ಅದನ್ನು ಪ್ರತ್ಯೇಕವಾಗಿ ಅಪ್‌ಡೇಟ್ ಮಾಡಬೇಕು. ಅದರ ಅಧಿಕೃತ ಬೈನರಿಯೊಳಗೆ ಓಪನ್‌ಎಸ್‌ಎಸ್‌ಎಲ್‌ನ ಸ್ವಂತ ಪ್ರತಿ ಇರುತ್ತದೆ. ಡಾಕರ್ ಇಮೇಜ್‌ಗಳನ್ನೂ ಹೊಸದಾಗಿ ಬಿಲ್ಡ್ ಮಾಡಿ. ಇನ್ನೊಂದು ಮಾತು: 20.04ಕ್ಕೆ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೇ ಮುಗಿದಿದೆ. ಉಬುಂಟು ಪ್ರೊ (ಹೆಚ್ಚುವರಿ ಅವಧಿಯ ಬೆಂಬಲ ಕೊಡುವ ಸೇವೆ) ಇಲ್ಲದಿದ್ದರೆ ಮುಂದಿನ ದೋಷಗಳಿಗೆ ಪರಿಹಾರ ಬರುವುದಿಲ್ಲ; 22.04 ಅಥವಾ 24.04ಕ್ಕೆ ಹೋಗುವ ದಿನವನ್ನು ಈಗಲೇ ಗೊತ್ತುಮಾಡಿ.