ಮಾತ್ರೆ ಬಿಟ್ಟು ಡಬ್ಬಿ ಹಿಡಿದವರು

ಮಂಡ್ಯ ಸೀಮೆಯ ಕಬ್ಬು ಬೆಳೆಗಾರರು, ವಯಸ್ಸು 47. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸೊಂಟನೋವಿಗೆ ಮೈಸೂರಿನಲ್ಲಿ ಕೈರೋಪ್ರಾಕ್ಟಿಕ್ ಚಿಕಿತ್ಸೆ ಪಡೆಯುತ್ತಿದ್ದರು. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಸಡಿಲಿಸುವ ಆ ವಿಧಾನದಿಂದ ನೋವು ತಗ್ಗಿತ್ತು. ರಕ್ತಪರೀಕ್ಷೆ ನೋಡಿದ ಚಿಕಿತ್ಸಕರು ‘ಮೆಟಬಾಲಿಕ್ ಸಿಂಡ್ರೋಮ್’ (ಬೊಜ್ಜು, ಬಿಪಿ, ಸಕ್ಕರೆ, ರಕ್ತದ ಕೊಬ್ಬು ಒಟ್ಟಾಗಿ ಕೆಡುವ ಸ್ಥಿತಿ) ಎಂದು ಹೇಳಿ ಪಥ್ಯದ ಪಟ್ಟಿಯನ್ನೂ ಮೀನೆಣ್ಣೆ, ಕ್ರೋಮಿಯಂ ಎಂಬ ಖನಿಜ, ಬರ್ಬೆರಿನ್ ಎಂಬ ಗಿಡದ ಸಾರ, ದಾಲ್ಚಿನ್ನಿ ಇವುಗಳ ಡಬ್ಬಿಗಳನ್ನೂ ಕೊಟ್ಟರು. ಡಬ್ಬಿ ಬಂದ ಮೇಲೆ ಇವರು ಬಿಪಿ ಮಾತ್ರೆಯನ್ನು ತಾವಾಗಿಯೇ ಬಿಟ್ಟರು. ಗಾಬರಿಯಾದ ಹೆಂಡತಿ, ಆಹಾರದ ಸಲಹೆ ಕೊಡುವ ನನ್ನ ಬಳಿ ಕರೆತಂದರು.

ರೋಗದ ಗುರುತು ಸರಿಯಾಗಿಯೇ ಇತ್ತು. ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್, ರಕ್ತದೊತ್ತಡ, ಬರಿಹೊಟ್ಟೆಯ ಸಕ್ಕರೆ: ಐದರಲ್ಲಿ ಮೂರು ಕೆಟ್ಟರೂ ಸಾಕು, ಇವರಿಗೆ ಐದೂ ಕೆಟ್ಟಿದ್ದವು. ನಮ್ಮ ಗಂಡಸರಿಗೆ ಸೊಂಟ 90 ಸೆಂ.ಮೀ. ಒಳಗಿರಬೇಕು, ಇವರದು 104.

ಮಾತ್ರೆ ಬಿಟ್ಟದ್ದೇಕೆ ಎಂದು ಕೇಳಿದೆ. “ನಮ್ಮಪ್ಪ ಮಾತ್ರೆ ಹಿಡಿದ ಮೇಲೆ ಡಯಾಲಿಸಿಸ್‌ವರೆಗೆ ಹೋದರು” ಎಂದರು. ಮಾತ್ರೆಯೇ ಮೂತ್ರಪಿಂಡ ಕೆಡಿಸಿತೆಂಬ ಭಯವನ್ನು ಈ ಮನುಷ್ಯ ವರ್ಷಗಳಿಂದ ಯಾರಿಗೂ ಹೇಳದೆ ಹೊತ್ತಿದ್ದರು. ಈ ಭಯ ತಿಳಿಯದೆ ಪಥ್ಯ ಹೇಳುವುದು ವ್ಯರ್ಥ. ಹತೋಟಿ ತಪ್ಪಿದ ರಕ್ತದೊತ್ತಡ ಮತ್ತು ಸಕ್ಕರೆಯೇ ಮೂತ್ರಪಿಂಡವನ್ನು ಹೆಚ್ಚಾಗಿ ಹಾಳುಮಾಡುವುದು. ಎಷ್ಟೋ ಜನರಲ್ಲಿ ಮಾತ್ರೆ ಶುರುವಾಗುವ ಹೊತ್ತಿಗೇ ಹಾನಿ ಮುಂದುವರಿದಿರುತ್ತದೆ ಎಂದು ಚಿತ್ರ ಬರೆದು ವಿವರಿಸಿದೆ. ನಾಳೆಯೇ ವೈದ್ಯರನ್ನು ಕಂಡು ಡಬ್ಬಿಗಳನ್ನೆಲ್ಲ ಅವರ ಮೇಜಿನ ಮೇಲಿಡಲು ಹೇಳಿದೆ. ಬರ್ಬೆರಿನ್ ಸಕ್ಕರೆಯನ್ನು ಅಷ್ಟಿಷ್ಟು ಇಳಿಸಬಹುದು, ಆದರೆ ಬೇರೆ ಔಷಧಗಳ ಪರಿಣಾಮವನ್ನೂ ಏರುಪೇರು ಮಾಡುತ್ತದೆ. ಅಗ್ಗದ ಕ್ಯಾಸಿಯಾ ದಾಲ್ಚಿನ್ನಿಯಲ್ಲಿರುವ ಕೂಮರಿನ್ ಎಂಬ ರಾಸಾಯನಿಕ ಅತಿಯಾದರೆ ಯಕೃತ್ತಿಗೆ ಕೆಡುಕು. ಬೆನ್ನಿನ ಚಿಕಿತ್ಸೆ ಬೆನ್ನಿಗಿರಲಿ. ಅದರಿಂದ ಸಕ್ಕರೆ ಇಳಿಯುತ್ತದೆನ್ನಲು ಆಧಾರವಿಲ್ಲ.

ಪಥ್ಯದ ಪಟ್ಟಿಯಲ್ಲಿ ಕ್ವಿನೋವಾ, ಬೆಣ್ಣೆಹಣ್ಣು, ಆಲಿವ್ ಎಣ್ಣೆ ಇದ್ದವು. ಅವರ ಅಡುಗೆಮನೆಯಲ್ಲಿ ಇದ್ದದ್ದು ರಾಗಿ, ಹುರುಳಿ, ಸೊಪ್ಪು. ಅದನ್ನೇ ಹಿಡಿದೆವು: ರಾತ್ರಿ ಎರಡು ಮುದ್ದೆಯ ಬದಲು ಒಂದು, ಅದರ ಮೇಲೆ ಅನ್ನವಿಲ್ಲ, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಎರಡರಷ್ಟು. ಬೆಲ್ಲದ ಚಹಾ ಎಷ್ಟಾದರೂ ಕುಡಿಯಬಹುದೆಂದು ನಂಬಿದ್ದರು. ಬೆಲ್ಲವೂ ಬಹುಪಾಲು ಸಕ್ಕರೆಯೇ, ಟ್ರೈಗ್ಲಿಸರೈಡ್ ಏರಲು ಅದೂ ಸಾಕು. ಆಲೆಮನೆ ಇರುವ ಊರಿನಲ್ಲಿ ಇದನ್ನು ಒಪ್ಪಿಸುವುದು ಸುಲಭವಲ್ಲ.

ಅತ್ತೆಯವರು ಒಪ್ಪುವುದಿಲ್ಲ ಎಂದರು ಹೆಂಡತಿ. ಮುಂದಿನ ಸಲ ಅವರನ್ನೂ ಬರಹೇಳಿದೆ. “ಒಂದೇ ಮುದ್ದೆ ಉಂಡು ಹೇಗಪ್ಪಾ ಗೇಯುವುದು?” ಎಂದರು ಆ ತಾಯಿ. ಉಳುವುದು ಈಗ ಟ್ರ್ಯಾಕ್ಟರ್, ಮಗ ಗದ್ದೆಗೆ ಹೋಗುವುದು ಬೈಕಿನಲ್ಲಿ ಎಂದು ನೆನಪಿಸಿ, ಪಲ್ಯ ಬಡಿಸುವ ಹೊಣೆಯನ್ನು ಅವರಿಗೇ ಕೊಟ್ಟೆ. ನಾಲೆ ಏರಿಯ ಮೇಲೆ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ ಸೇರಿಸಿದೆವು. ವಾರಕ್ಕೆ 150 ನಿಮಿಷ ನಡಿಗೆ, ಶೇ. 7ರಷ್ಟು ತೂಕ ಇಳಿಕೆಯ ಗುರಿ ಇಟ್ಟುಕೊಂಡವರಲ್ಲಿ ಹೊಸದಾಗಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತೆಂದು 2002ರ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿದೆ.

ಮೂರು ತಿಂಗಳಿಗೆ ಸೊಂಟ 99ಕ್ಕೆ ಬಂದಿದೆ, ಟ್ರೈಗ್ಲಿಸರೈಡ್ 240ರಿಂದ 178ಕ್ಕೆ ಇಳಿದಿದೆ. ಎಚ್‌ಡಿಎಲ್ ಕದಲಿಲ್ಲ. ಬಿಪಿ ಮಾತ್ರೆಯನ್ನು ವೈದ್ಯರು ಮುಂದುವರಿಸಿದ್ದಾರೆ, ಇವರು ತಪ್ಪದೆ ನುಂಗುತ್ತಿದ್ದಾರೆ.