ಓದುಗರ ಪ್ರಶ್ನೆ: ಬಿಟ್‌ಕಾಯಿನ್ ಮೊದಲ ಕೋಡ್ ಕಲಿಸುವ ಲೆಕ್ಕ

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಚಿಕ್ಕದೊಂದು ಬ್ಲಾಕ್‌ಚೈನ್ (ವ್ಯವಹಾರಗಳ ಕಟ್ಟುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಸರಪಳಿಯಾಗಿ ಜೋಡಿಸಿದ ಲೆಕ್ಕ) ಬರೆಯುತ್ತಿದ್ದೇವೆ. ಇಲ್ಲದ ನಾಣ್ಯ ಹುಟ್ಟದಿರಲಿ ಎಂದು ‘ಔಟ್‌ಪುಟ್‌ಗಳ ಮೊತ್ತ ಇನ್‌ಪುಟ್ ಮೀರಬಾರದು’ (ವ್ಯವಹಾರದಿಂದ ಹೊರಹೋಗುವ ಹಣ ಒಳಬಂದದ್ದಕ್ಕಿಂತ ಹೆಚ್ಚಿರಬಾರದು) ಎಂಬ ತಪಾಸಣೆ ಇಟ್ಟಿದ್ದೇವೆ. ಸಾಕೇ?

ಉತ್ತರ: ಸಾಲದು. ಇದೇ ತಪಾಸಣೆ ಇದ್ದರೂ 2010ರ ಆಗಸ್ಟ್ 15ರಂದು ಬಿಟ್‌ಕಾಯಿನ್‌ನ 74,638ನೇ ಬ್ಲಾಕ್‌ನಲ್ಲಿ 18,400 ಕೋಟಿಗೂ ಹೆಚ್ಚು ನಾಣ್ಯ ಹುಟ್ಟಿಬಿಟ್ಟವು. ಒಟ್ಟು ಇರಬೇಕಾದದ್ದೇ 2.1 ಕೋಟಿ!

ಕಾರಣ ನೋಡಿ. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸತೋಶಿ, ಅದೇ ಅದರ ಅತಿ ಚಿಕ್ಕ ಘಟಕ. ಕೋಡ್ ಒಳಗೆ ಎಲ್ಲ ಮೊತ್ತವೂ ಸತೋಶಿಯಲ್ಲಿ, ಚಿಹ್ನೆಸಹಿತ (ಧನ, ಋಣ ಎರಡೂ ಆಗಬಲ್ಲ) 64 ಬಿಟ್ ಪೂರ್ಣಾಂಕವಾಗಿ ಇರುತ್ತದೆ. ಅದರ ಗರಿಷ್ಠ ಮಿತಿ ಸುಮಾರು 9,223 ಕೋಟಿ ಬಿಟ್‌ಕಾಯಿನ್. ಆ ವ್ಯವಹಾರದಲ್ಲಿ ಈ ಮಿತಿಗೆ ತುಸುವೇ ಕಡಿಮೆಯ ಎರಡು ಔಟ್‌ಪುಟ್ ಇದ್ದವು. ಬಿಡಿಯಾಗಿ ನೋಡಿದರೆ ಎರಡೂ ಧನ ಸಂಖ್ಯೆಗಳೇ, ಪಾಸಾದವು. ಕೂಡಿದಾಗ ಮಾತ್ರ ಮಿತಿ ಮೀರಿ, ಎಣಿಕೆ ಋಣದ ತುದಿಯಿಂದ ಮತ್ತೆ ಸುತ್ತಿಕೊಂಡು, ಮೊತ್ತ ಮೈನಸ್ 9,97,538 ಸತೋಶಿಗೆ ತಿರುಗಿತು. ಇನ್‌ಪುಟ್ 0.5 ಬಿಟ್‌ಕಾಯಿನ್, ಋಣ ಸಂಖ್ಯೆ ಅದಕ್ಕಿಂತ ಕಡಿಮೆ ತಾನೇ? ತಪಾಸಣೆ ಒಪ್ಪಿಕೊಂಡಿತು.

ಕೆಲವೇ ಗಂಟೆಗಳಲ್ಲಿ ಪರಿಹಾರ ಸಿದ್ಧವಾಗಿ 0.3.10 ಆವೃತ್ತಿಯಲ್ಲಿ ಬಂತು. ಹೊಸ ಕೋಡ್ ಓಡಿಸಿದವರು ಕೆಟ್ಟ ಬ್ಲಾಕ್ ಬಿಟ್ಟು ಬೇರೆ ಸರಪಳಿ ಕಟ್ಟಿದರು. 74,691ನೇ ಬ್ಲಾಕ್‌ನ ಹೊತ್ತಿಗೆ ಅದು ಹಳೆಯದನ್ನು ಹಿಂದೆ ಹಾಕಿತು.

ನೀವೂ ಪ್ರತಿ ಔಟ್‌ಪುಟ್ ಋಣವಲ್ಲ ಎಂದು ನೋಡಿ, ಅದು ಒಟ್ಟು ನಾಣ್ಯದ ಮಿತಿಯೊಳಗಿದೆಯೇ ನೋಡಿ, ಒಂದೊಂದನ್ನು ಕೂಡಿದ ಮೇಲೂ ಮೊತ್ತವನ್ನು ಅದೇ ಮಿತಿಗೆ ಹೋಲಿಸಿ. ಕೊನೆಯಲ್ಲಿ ಒಮ್ಮೆ ಹೋಲಿಸಿದರೆ ತಡವಾಯಿತು. ಪೈಥಾನ್‌ನಲ್ಲಿ ಪೂರ್ಣಾಂಕ ಹೀಗೆ ಉಕ್ಕುವುದಿಲ್ಲ, ಆದರೂ ಮಿತಿ ತಪಾಸಣೆ ಬಿಡಬೇಡಿ. ಹಣಕ್ಕೆ ಫ್ಲೋಟ್ (ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ಬಗೆ) ಮಾತ್ರ ಬೇಡವೇ ಬೇಡ.

ಪ್ರಶ್ನೆ: ಲ್ಯಾಬಿನ ಇನ್ನಷ್ಟು ಕಂಪ್ಯೂಟರ್ ಸೇರಿಸಿದರೆ ಬ್ಲಾಕ್‌ಗಳು ದಬದಬನೆ ಬರುತ್ತಿವೆ. ಬಿಟ್‌ಕಾಯಿನ್ ಸರಾಸರಿ 10 ನಿಮಿಷ ಹೇಗೆ ಕಾಯ್ದುಕೊಳ್ಳುತ್ತದೆ?

ಉತ್ತರ: ಪ್ರತಿ 2,016 ಬ್ಲಾಕ್‌ಗೊಮ್ಮೆ ಟಾರ್ಗೆಟ್ ಬದಲಿಸುತ್ತದೆ. ಬ್ಲಾಕ್‌ನ ಹ್ಯಾಶ್, ಅಂದರೆ ಅದರ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಮೀರಬಾರದ ಮಿತಿಯೇ ಟಾರ್ಗೆಟ್. ಹಳೆಯ ಟಾರ್ಗೆಟ್ಟನ್ನು ಆ ಬ್ಲಾಕ್‌ಗಳಿಗೆ ಹಿಡಿದ ಸಮಯದಿಂದ ಗುಣಿಸಿ 12,09,600 ಸೆಕೆಂಡಿನಿಂದ, ಅಂದರೆ 14 ದಿನದಿಂದ, ಭಾಗಿಸುತ್ತದೆ. ಒಂದು ಸಲಕ್ಕೆ ನಾಲ್ಕು ಪಟ್ಟಿಗಿಂತ ಹೆಚ್ಚು ಏರಿಳಿತಕ್ಕೆ ಅವಕಾಶವಿಲ್ಲ. ಟಾರ್ಗೆಟ್ ದೊಡ್ಡದಾದರೆ ಗಣಿಗಾರಿಕೆ, ಅಂದರೆ ಅಂಥ ಹ್ಯಾಶ್ ಹುಡುಕುವುದು, ಸುಲಭ. ವಿದ್ಯಾರ್ಥಿಗಳು ಇದನ್ನು ತಿರುವುಮುರುವು ಮಾಡುವುದೇ ಹೆಚ್ಚು.

ಮೊದಲ ಕೋಡ್‌ನಲ್ಲಿ ಒಂದು ಎಣಿಕೆ ತಪ್ಪಿದೆ. ಅವಧಿಯ ಮೊದಲ ಮತ್ತು ಕೊನೆಯ ಬ್ಲಾಕ್‌ಗಳ ನಡುವೆ ಅಳೆಯುವುದರಿಂದ ಸಿಗುವುದು 2,015 ಅಂತರ ಮಾತ್ರ. ಎಲ್ಲರೂ ಒಟ್ಟಿಗೆ ಬದಲಿಸದೆ ಸರಿಪಡಿಸಲಾಗದ್ದರಿಂದ ಅದು ಹಾಗೇ ಉಳಿದಿದೆ. ನೀವು ಹಿಂದಿನ ಅವಧಿಯ ಕೊನೆಯ ಬ್ಲಾಕ್‌ನಿಂದಲೇ ಅಳೆಯಿರಿ. ಲ್ಯಾಬಿಗೆ 20 ಬ್ಲಾಕ್‌ಗಳ ಅವಧಿ ಸಾಕು, ನಾಲ್ಕು ಪಟ್ಟಿನ ಮಿತಿ ಇರಲಿ.

ಪ್ರಶ್ನೆ: ನಮ್ಮ ಎರಡು ನೋಡ್‌ಗಳು (ಜಾಲದ ಕಂಪ್ಯೂಟರ್‌ಗಳು) ಒಂದರ ಬ್ಲಾಕನ್ನು ಇನ್ನೊಂದು ಒಪ್ಪುವುದೇ ಇಲ್ಲ.

ಉತ್ತರ: ಮೊದಲ ಬ್ಲಾಕ್‌ನ ಹ್ಯಾಶ್ ಎರಡರಲ್ಲೂ ಒಂದೇ ಇದೆಯೇ ನೋಡಿ. ಪ್ರೋಗ್ರಾಂ ಶುರುವಾದಾಗಲೆಲ್ಲ ಆಗಿನ ಸಮಯ ಹಾಕಿ ಅದನ್ನು ಸೃಷ್ಟಿಸುತ್ತಿದ್ದರೆ ಪ್ರತಿ ನೋಡ್‌ಗೂ ಬೇರೆ ಬೇರೆ ಸರಪಳಿ ಆಗುತ್ತದೆ. ಬಿಟ್‌ಕಾಯಿನ್‌ನಲ್ಲಿ 2009ರ ಜನವರಿ 3ರ ಸಮಯ, ನಾನ್ಸ್ (ಸರಿಯಾದ ಹ್ಯಾಶ್ ಸಿಗಲೆಂದು ಬದಲಿಸಿ ನೋಡುವ ಸಂಖ್ಯೆ) ಎಲ್ಲವನ್ನೂ ಕೋಡ್‌ನಲ್ಲೇ ಬರೆದಿಡಲಾಗಿದೆ. ನೀವೂ ಹಾಗೇ ಮಾಡಿ.