ಮಗುವನ್ನು ಸುತ್ತಬಹುದು, ಕಾಲು ಕಟ್ಟಬೇಡ

ತಂಗಿ, ಅಮೆರಿಕದ ಮಿನಿಯಾಪೊಲಿಸ್‌ಗೆ ಈಗಷ್ಟೇ ಬಂದಿದ್ದೀಯ, ಡಿಸೆಂಬರ್‌ನಲ್ಲಿ ಹೆರಿಗೆ, ಬಾಣಂತನಕ್ಕೆ ಗುಬ್ಬಿಯಿಂದ ಅಮ್ಮ ಬರ್ತಿದ್ದಾರೆ ಅಂತ ಬರೆದಿದ್ದೀಯ. ಕೈಕಾಲು ನೆಟ್ಟಗೆ ಮಾಡಿ ಗಟ್ಟಿಯಾಗಿ ಸುತ್ತದಿದ್ದರೆ ಮಗು ಬೆಚ್ಚಿಬೀಳುತ್ತೆ ಅಂತಾರೆ ಅಮ್ಮ, ಆಸ್ಪತ್ರೆಯ ಕ್ಲಾಸಿನಲ್ಲಿ ಬೇರೆಯೇ ಹೇಳಿದ್ರು, ಯಾರ ಮಾತು ಕೇಳಲಿ ಅಂತ ನಿನ್ನ ಪ್ರಶ್ನೆ.

ನಾನು ಶಿರಾದವಳು, ಇಬ್ಬರು ಮಕ್ಕಳನ್ನೂ ಇಲ್ಲೇ ಹೆತ್ತವಳು. ಸುತ್ತೋದಕ್ಕೆ ಇಲ್ಲಿ ಯಾರೂ ಬೇಡ ಅನ್ನಲ್ಲ. ಹುಟ್ಟಿದ ಮಗುವನ್ನು ನರ್ಸ್‌ಗಳೇ ಗುಲಾಬಿ-ನೀಲಿ ಪಟ್ಟೆಯ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಡ್ತಾರೆ. ಬೆಚ್ಚಿಬೀಳೋದು ಎಳೆಗೂಸಿನ ಸಹಜ ಗುಣ, ಕೈ ಒಳಗಿದ್ದರೆ ಅದು ಕಡಿಮೆಯಾಗುತ್ತೆ ಅನ್ನೋದೂ ನಿಜ. ಅಮ್ಮನ ಮಾತಿನಲ್ಲಿ ತಕರಾರು ಇರೋದು ಕಾಲಿನ ವಿಷಯಕ್ಕೆ ಮಾತ್ರ.

ಹೊಟ್ಟೆಯೊಳಗೆ ಮಗು ಕಾಲು ಮಡಚಿಕೊಂಡೇ ಇರುತ್ತೆ. ಹುಟ್ಟಿದಾಗ ಸೊಂಟದ ಕೀಲು ಇನ್ನೂ ಎಳಸು, ತೊಡೆಮೂಳೆಯ ಗುಂಡು ಕೂರೋ ಗುಳಿ ಪೂರ್ತಿ ಬಲಿತಿರಲ್ಲ. ಎರಡೂ ಕಾಲು ನೆಟ್ಟಗೆ ಜೋಡಿಸಿ ಬಿಗಿದಿಟ್ಟರೆ ಗುಂಡು ಗುಳಿಯಿಂದ ಜಾರಬಹುದು. ಜಪಾನಿನಲ್ಲೂ ಹಿಂದೆ ಹೀಗೆ ಬಿಗಿಯೋ ರೂಢಿ ಇತ್ತು. 1975ರ ಸುಮಾರಿಗೆ ಅಲ್ಲಿ ಅದನ್ನು ಬಿಡಿಸೋಕೆ ದೇಶದಾದ್ಯಂತ ತಿಳಿವಳಿಕೆ ಕೊಟ್ಟರು, ಮುಖ್ಯವಾಗಿ ಅಜ್ಜಿಯರಿಗೆ! ಆಮೇಲೆ ಕೀಲು ಜಾರಿದ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ನಮ್ಮ ಕಡೆ ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ತೀವಲ್ಲ, ಕೀಲಿಗೆ ಬೇಕಾದ ಭಂಗಿ ಅದೇ. "ಎತ್ಕೊಂಡಾಗ ಕಾಲು ಹೇಗಿರುತ್ತೋ ಬಟ್ಟೆಯೊಳಗೂ ಹಾಗೇ ಇರಲಿ" ಅಂತ ಅಮ್ಮನಿಗೆ ಹೇಳು, ಒಪ್ತಾರೆ. ಮಗು ಹೊಟ್ಟೆಯಲ್ಲಿ ಕಾಲು ಕೆಳಗಾಗಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಸೊಂಟದ ಕೀಲಿನ ತೊಂದರೆ ಇದ್ದರೆ, ಮಗುವಿನ ಸೊಂಟದ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನ ನೀನಾಗೇ ಕೇಳು.

ಸುತ್ತುವಾಗ ಬಟ್ಟೆ ಭುಜದಿಂದ ಮೇಲೆ ಬರಬಾರದು, ಬಂದರೆ ಮುಖಕ್ಕೆ ಸರಿಯುತ್ತೆ. ಎದೆಯ ಹತ್ತಿರ ಎರಡು ಬೆರಳು ತೂರಬೇಕು. ಸೊಂಟದಿಂದ ಕೆಳಗೆ ಚೀಲದ ಹಾಗೆ ಸಡಿಲ, ಮಂಡಿ ಮಡಚಿ ಒದೆಯೋಕೆ ಜಾಗ. ಹಾಲು ಕುಡಿಸುವಾಗ ಬಿಚ್ಚಿಬಿಡು. ಸುತ್ತಿದ ಮಗು ಹಸಿವಾದರೂ ನಿದ್ದೆಗೇ ಜಾರಬಹುದು.

ಮಲಗಿಸೋದು ಅಂಗಾತ, ಹಗಲಾಗಲಿ ರಾತ್ರಿಯಾಗಲಿ. ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಬೋರಲು ಮಲಗಿಸೋದು ಬೇಡ ಅಂದಿತು, 1994ರಿಂದ ದೊಡ್ಡ ಪ್ರಚಾರ ನಡೆಯಿತು. ನಿದ್ದೆಯಲ್ಲೇ ಕಾರಣವಿಲ್ಲದೆ ಕೂಸು ತೀರಿಕೊಳ್ಳೋದು ಆಮೇಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸುತ್ತಿದ ಮಗು ಬೋರಲಾದರೆ ಇನ್ನೂ ಅಪಾಯ, ಕೈ ಊರಿ ಮುಖ ಎತ್ತೋಕಾಗಲ್ಲ. ಅದಕ್ಕೇ ಮಗುಚಿಕೊಳ್ಳೋಕೆ ಹವಣಿಸಿದ ದಿನವೇ ಸುತ್ತೋದು ನಿಲ್ಲಿಸಬೇಕು. ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳಿಗೆ, ಕೆಲವಕ್ಕೆ ಮುಂಚೆಯೇ. ತೊಟ್ಟಿಲು ನಿಮ್ಮ ಕೋಣೆಯಲ್ಲೇ ಇರಲಿ, ಆದರೆ ಒಳಗೆ ಗಟ್ಟಿ ಹಾಸಿಗೆ ಬಿಟ್ಟರೆ ಏನೂ ಬೇಡ, ಸಾಸಿವೆ ದಿಂಬೂ ಬೇಡ. ಭಾರ ತುಂಬಿದ ಸುತ್ತುಬಟ್ಟೆ ಯಾರಾದರೂ ಉಡುಗೊರೆ ಕೊಟ್ಟರೆ ಥ್ಯಾಂಕ್ಸ್ ಹೇಳಿ ಬೀರುವಿನಲ್ಲಿ ಎತ್ತಿಡು. ಅಕಾಡೆಮಿಯ 2022ರ ಸಲಹೆಯಲ್ಲಿ ಅದನ್ನೂ ಬೇಡ ಅಂದಿದ್ದಾರೆ.

ನಿನಗೆ ನಿಜವಾದ ಹೋರಾಟ ಇರೋದು ಬಿಸಿಯದ್ದು. ಕಿಟಕಿಯಾಚೆ ಹಿಮ ಕಂಡಕೂಡಲೇ ಅಮ್ಮನ ಜೀವ ತಡೆಯಲ್ಲ. ಕುಲಾವಿ, ಸ್ವೆಟರ್, ಕಾಲುಚೀಲ, ಮೇಲೊಂದು ಕಂಬಳಿ! ಹೊರಗೆ ಎಷ್ಟೇ ಕೊರೆದರೂ ಮನೆಯೊಳಗೆ ಹೀಟರ್ ಓಡ್ತಾ ಇರುತ್ತೆ. ಮಗುವಿಗೆ ಅತಿ ಬಿಸಿಯೂ ಅಪಾಯವೇ. ತೆಳು ಅಂಗಿಯ ಮೇಲೆ ಒಂದೇ ಹತ್ತಿಬಟ್ಟೆ ಸಾಕು. ಕೈಕಾಲು ತಣ್ಣಗಿರೋದು ಸಹಜ, ಅದನ್ನು ಮುಟ್ಟಿ ಗಾಬರಿಯಾಗಬೇಡಿ. ಎದೆ ಇಲ್ಲಾ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೀರಿ. ಮಲಗಿದಾಗ ಕುಲಾವಿ ಬೇಡ. ಅಂದಹಾಗೆ ಸಾಂಬ್ರಾಣಿ ಹೊಗೆ ಹಾಕೋಕೆ ಹೋದರೆ ಅಪಾರ್ಟ್‌ಮೆಂಟಿನ ಅಲಾರಂ ಕೂಗಿ ಎಲ್ಲರೂ ಹಿಮದಲ್ಲಿ ನಿಲ್ಲಬೇಕಾದೀತು, ಹೊಗೆ ಕೂಸಿನ ಶ್ವಾಸಕ್ಕೂ ಒಳ್ಳೇದಲ್ಲ.

ಆಸ್ಪತ್ರೆಯಿಂದ ಮನೆಗೆ ಬರುವ ದಿನ ಸುತ್ತಿದ ಮಗುವನ್ನು ಕಾರ್ ಸೀಟಿಗೆ ಹಾಕೋಕಾಗಲ್ಲ, ಪಟ್ಟಿ ಕಾಲುಗಳ ನಡುವೆ ಬರಬೇಕು. ದಪ್ಪ ಜಾಕೆಟ್ಟೂ ಬೇಡ, ಪಟ್ಟಿ ಸಡಿಲವಾಗುತ್ತೆ. ಮೊದಲು ಪಟ್ಟಿ ಬಿಗಿ, ಆಮೇಲೆ ಮೇಲೆ ಹೊದಿಸು, ಮುಖ ಮುಚ್ಚದ ಹಾಗೆ.

ಅಮ್ಮನ ಜೊತೆ ಮನೆಯಲ್ಲಿ ವಾದಕ್ಕಿಳಿಯಬೇಡ. ಮಗಳ ಮಾತು ಯಾವ ಬಾಣಂತಿಯ ತಾಯಿ ಕೇಳಿದ್ದಾಳೆ? ಹುಟ್ಟಿದ ವಾರದೊಳಗೆ ಡಾಕ್ಟರ್ ಹತ್ತಿರ ಹೋಗ್ತೀರಲ್ಲ, ಅಮ್ಮನನ್ನೂ ಕರ್ಕೊಂಡು ಹೋಗು. ಕನ್ನಡ ದುಭಾಷಿ ಬೇಕು ಅಂತ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕೇಳು. ಡಾಕ್ಟರ್ ತೊಡೆ ಮಡಚಿ ಅಗಲಿಸಿ ಕೀಲು ಪರೀಕ್ಷೆ ಮಾಡೋದನ್ನು ಅಮ್ಮನೇ ನೋಡಲಿ, ಸುತ್ತೋದನ್ನು ಅಲ್ಲೇ ಅಮ್ಮನ ಕೈಯಲ್ಲೇ ಮಾಡಿಸು. ಮತ್ತೆ ಇಲ್ಲಿ ಬಟ್ಟೆಗೆ ದುಡ್ಡು ಸುರಿಯಬೇಡ, ಬರುವಾಗ ಅಪ್ಪನ ಹಳೇ ಹತ್ತಿ ಪಂಚೆಗಳನ್ನು ಒಗೆದು ತರೋಕೆ ಹೇಳು.